ಮೇನ್ ಸ್ವಿಚ್ಚು ಕೆಳಗಿತ್ತು

ಆ ದಿನವೂ ಎಂದಿನಂತೆ ಬೆಳಿಗ್ಗೆ ಐದಕ್ಕೆ ಎದ್ದೆ. ಬಚ್ಚಲ ಒಲೆಗೆ ಉರಿ ಹಾಕಿ, ಹನ್ನೆರಡು ರೊಟ್ಟಿ ಬಡಿದು, ಬದನೆಕಾಯಿ ಪಲ್ಯಕ್ಕೆ ಗುರೆಳ್ಳು ಪುಡಿ ಉದುರಿಸಿದೆ. ಇಬ್ಬರು ಹೆಣ್ಣುಮಕ್ಕಳಿಗೆ ಜಡೆ ಹಾಕುವಾಗ ಚಿಕ್ಕವಳ ರಿಬ್ಬನ್ನಿನ ಒಂದು ತುದಿ ಎಳೆ ಬಿಟ್ಟಿದ್ದು ಕಂಡು ಅದನ್ನು ಒಳಗೆ ಮಡಚಿ ಕಟ್ಟಿದೆ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಮಾಸ್ತರು. ಚಹಾ ಕುಡಿಯುತ್ತ ಬಾಗಿಲ ಬಳಿ ಇಟ್ಟಿದ್ದ ನನ್ನ ಚೀಲದೊಳಗೆ ಇಣುಕಿದರು. ಅಳತೆಯ ಟೇಪು, ಟಾರ್ಚು, ಬಣ್ಣ ಹಚ್ಚುವ ಬ್ರಷ್ಷು, ಸ್ವೆಟರ್ ಹೆಣೆಯುವ ಉದ್ದನೆಯ ಸೂಜಿ, ಹಳೆಯ ಲಕೋಟೆಗಳು, ಕೊನೆಗೆ ಹಿಟ್ಟು ಜರಡಿ ಹಿಡಿಯುವ ಸಾಣಿಗೆ.

"ಸಾಣಿಗಿ ಯಾಕ? ಬ್ಯಾಡಗ್ಯಾಗ ಹಿಟ್ಟು ಸಾಣಸಾಕ ಹೊಂಟೀಯೇನು?"

"ಹಿಟ್ಟಲ್ಲ, ಬೂದಿ."

"ಹಂಗಾರ ಅದನ್ನ ಮತ್ತ ಅಡಗಿ ಮನ್ಯಾಗ ತರಬ್ಯಾಡ, ನಮ್ಮವ್ವ."

ಅವರು ನಗುತ್ತ ಸೈಕಲ್ ಹತ್ತಿ ಹೋದರು. ನನಗೆ ನಗು ಬರಲಿಲ್ಲ. ಆ ದಿನ ನನ್ನ ಎರಡು ವರ್ಷದ ಓಡಾಟ ಒಂದು ಸಹಿಗೆ ಬಂದು ನಿಂತಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಬೆಂಕಿ ಅನಾಹುತಗಳನ್ನು ತನಿಖೆ ಮಾಡುವ ಸರ್ವೇಯರ್ ಲೈಸೆನ್ಸಿಗೆ ನಾನು ಅರ್ಜಿ ಸಿದ್ಧ ಮಾಡಿಕೊಂಡಿದ್ದೆ. ವಿಮೆ ಇಳಿಸಿದ ಅಂಗಡಿಯೋ ಗೋದಾಮೋ ಸುಟ್ಟರೆ ಅಲ್ಲಿಗೆ ಹೋಗಿ, ಬೆಂಕಿ ಎಲ್ಲಿ ಹುಟ್ಟಿತು, ಯಾತರಿಂದ ಹುಟ್ಟಿತು, ಏನೇನು ಹಾಳಾಯಿತು ಎಂದು ಬರೆದುಕೊಡುವ ಕೆಲಸ ಅದು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಮತ್ತು ಟೈಪಿಂಗಿನ ಬಲದ ಮೇಲೆ ರಾಣೆಬೆನ್ನೂರಿನ ಹಿರಿಯ ಸರ್ವೇಯರೊಬ್ಬರ ವರದಿಗಳನ್ನು ಬೆರಳಚ್ಚು ಮಾಡಿಕೊಡಲು ಹೋದವಳು, ಬರಬರುತ್ತ ಅವರ ಹಿಂದೆ ಸುಟ್ಟ ಜಾಗಗಳಿಗೂ ಹೋಗತೊಡಗಿದ್ದೆ. ಲಿಖಿತ ಪರೀಕ್ಷೆ ಪಾಸಾಗಿತ್ತು. ಅವರ ಕೈಕೆಳಗೆ ತರಬೇತಿ ಮುಗಿಸಿದ್ದೇನೆ ಎಂಬ ಪತ್ರಕ್ಕೆ ಅವರ ಸಹಿಯೊಂದು ಬಾಕಿ. ಅರ್ಜಿ ಮರುದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಬೇಕಿತ್ತು. ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.

ಹಿಂದಿನ ದಿನ ಸರ್ ಫೋನಿನಲ್ಲಿ ಹೇಳಿದ್ದರು: "ಬ್ಯಾಡಗಿ ಮೆಣಸಿನಕಾಯಿ ಗೋದಾಮು ನೀವ ನೋಡಿಕೊಂಡು ಬರ್ರಿ. ಮಧ್ಯಾಹ್ನ ಇಲ್ಲೇ ಕುಂತು ರಿಪೋರ್ಟ್ ಬರೀರಿ. ಛಲೋ ಬಂತಂದ್ರ ಅಲ್ಲೇ ಸೈ ಮಾಡಿ ಕೊಡ್ತೀನಿ."

ಸುಗ್ಗಿಯಲ್ಲಿ ಬಸ್ಸು ಮೋಟೆಬೆನ್ನೂರು ದಾಟುತ್ತಲೇ ಒಳಗಿನವರು ಒಬ್ಬೊಬ್ಬರಾಗಿ ಸೀನತೊಡಗುತ್ತಾರೆ; ಬ್ಯಾಡಗಿ ಬಂತೆನ್ನಲು ಕಂಡಕ್ಟರ್ ಕೂಗಬೇಕಾಗಿಲ್ಲ. ಆ ದಿನದ ಘಾಟು ಬೇರೆ ಇತ್ತು. ಒಗ್ಗರಣೆ ಸೀದ ಮೇಲೆ ಮೂರು ದಿನ ಮನೆ ಬಿಡದ ಘಾಟಿನಂಥದ್ದು.

ಗೋದಾಮು ಪೇಟೆಯ ಹಿಂದಿನ ಓಣಿಯಲ್ಲಿತ್ತು. ಕಲ್ಲಿನ ಗೋಡೆ, ಕಟ್ಟಿಗೆಯ ಕಂಬ, ಮೇಲೆ ತಗಡು. ಬೆಂಕಿ ಬಿದ್ದದ್ದು ಎರಡು ದಿನದ ಹಿಂದೆ, ಸಂಜೆ ಬಾಗಿಲು ಹಾಕಿದ ಒಂದು ತಾಸಿನ ನಂತರ. ಮೆಣಸಿನಕಾಯಿ ಸುಡುವ ಹೊಗೆಗೆ ಯಾರೂ ಹತ್ತಿರ ನಿಲ್ಲಲಾಗದೆ, ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ದೂರದಿಂದಲೇ ನೀರು ಎರಚಿದ್ದರಂತೆ. ಹಿಂದಿನ ಅರ್ಧ ಸುಟ್ಟು, ಮುಂದಿನ ಅರ್ಧ ತೋಯ್ದು ಹೋಗಿತ್ತು.

ಬಾಗಿಲಲ್ಲಿ ಕಾಲಿಟ್ಟವಳು ಅಲ್ಲೇ ನಿಂತೆ. ಮುಂದಿನಿಂದ ನಡುವಿನ ತನಕ ನೆಲವನ್ನು ಗುಡಿಸಿ, ಸೆಗಣಿ ಹಾಕಿ ಸಾರಿಸಿದ್ದರು. ನಟ್ಟನಡುವೆ ಎಂಟೆಳೆಯ ರಂಗೋಲಿ. ಅದರ ಮೇಲೆ ಹೋಳು ಮಾಡಿ ಕುಂಕುಮ ತುಂಬಿದ ನಿಂಬೆಹಣ್ಣು.

ಗೋದಾಮಿನ ಸಾಹುಕಾರರು ಬಿಳಿ ಟೊಪ್ಪಿಗೆ ಸರಿ ಮಾಡಿಕೊಳ್ಳುತ್ತ ಬಂದರು. ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಓಣಿಯ ಕಡೆ ಎರಡು ಸಲ ನೋಡಿದರು.

"ನಿಮ್ಮ ಸರ್ ಬರಲಿಲ್ಲೇನ್ರಿ?"

"ಇವತ್ತ ನಾನ ನೋಡ್ತೀನ್ರಿ."

"ನೋಡ್ರಿ, ನೋಡ್ರಿ. ಹೆಣ್ಮಕ್ಕಳಿಗೆ ಬೆಂಕಿ ಹೊಸಾದಲ್ಲ ಬಿಡ್ರಿ."

"ಸಾಹುಕಾರ್ರ, ನಾವು ಬರೂತನಕ ಏನೂ ಮುಟ್ಟಬ್ಯಾಡ್ರಿ ಅಂತ ಸರ್ ಹೇಳಿದ್ರಲ್ಲರಿ?"

"ಏನೂ ಮುಟ್ಟಿಲ್ರಿ, ದೇವರಾಣಿ. ಬರೇ ಸಾರಿಸೀವಿ. ಸುಟ್ಟ ಜಾಗಾ ಹಂಗ ಬಿಟ್ರ ಲಕ್ಷ್ಮಿ ಒಳಗ ಬರೂದಿಲ್ರಿ."

ಅವರಿಗೆ ಏನು ಹೇಳುವುದು? ಬೂದಿಯ ಪದರಗಳೇ ನಾನು ಓದಬೇಕಾದ ಓಲೆಗಳು. ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಬಿತ್ತು ಎಂಬುದನ್ನು ಅವು ಹೇಳಬೇಕು. ಅವೆಲ್ಲವನ್ನೂ ಹಿಂದಿನ ಎಡಮೂಲೆಗೆ ಗುಡಿಸಿ ಗುಡ್ಡೆ ಹಾಕಿದ್ದರು. ಫೋಟೋಗಳಾದರೂ ಇವೆಯೇ ಎಂದರೆ, ಊರಿನ ಸ್ಟುಡಿಯೋದವರು ನಾಲ್ಕು ತೆಗೆದಿದ್ದರು. ನಾಲ್ಕರಲ್ಲೂ ಸಾಹುಕಾರರು ಸುಟ್ಟ ಚೀಲಗಳ ಮುಂದೆ ಕೈಕಟ್ಟಿ ನಿಂತಿದ್ದರು.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು ಪ್ರಬಂಧ ಬರೆಸುವಾಗ, ಮೊದಲು ಕಂಡದ್ದು ಬರೆ, ಅನಿಸಿದ್ದು ಆಮೇಲೆ ಎನ್ನುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಗೆಯೇ ಶುರು ಮಾಡಿದೆ. ಕಡಿಮೆ ಸುಟ್ಟ ಕಡೆಯಿಂದ ಹೆಚ್ಚು ಸುಟ್ಟ ಕಡೆಗೆ ನಡೆಯಬೇಕು. ಇದು ಈ ಕೆಲಸದ ಮೊದಲ ಪಾಠ. ಕಂಬಗಳ ಇದ್ದಿಲಿಗೆ ಹೆಣಿಗೆಯ ಸೂಜಿ ಚುಚ್ಚಿ ಆಳ ಅಳೆದೆ. ಬಾಗಿಲ ಬಳಿಯ ಕಂಬದಲ್ಲಿ ಸೂಜಿಯ ಮೊನೆ ಮಾತ್ರ ಇಳಿಯಿತು. ನಡುವಿನದರಲ್ಲಿ ಅರ್ಧ ಇಂಚು. ಹಿಂದಿನ ಎಡಮೂಲೆಯ ಕಂಬದಲ್ಲಿ ಒಂದೂವರೆ ಇಂಚು ಹೋಗಿ, ತಿರುವಿದರೆ ಇನ್ನೂ ಹೋಗುತ್ತಿತ್ತು. ಗೋಡೆಯೆಲ್ಲ ಮಸಿ ಹಿಡಿದಿದ್ದರೂ ಅದೇ ಮೂಲೆಯಲ್ಲಿ, ಬೀಸಣಿಗೆ ಬಿಚ್ಚಿಟ್ಟ ಆಕಾರದಲ್ಲಿ, ಸುಣ್ಣ ಬೆಳ್ಳಗೆ ಕಾಣುತ್ತಿತ್ತು. ಅಲ್ಲಿ ಉರಿ ಮಸಿಯನ್ನೂ ಸುಟ್ಟು ತಿಂದಿತ್ತು.

ಆ ಮೂಲೆಗೆ ವೈರೇ ಇರಲಿಲ್ಲ. ಇಡೀ ಗೋದಾಮಿಗೆ ನಡುವೆ ಒಂದು ಬಲ್ಬು, ಅಷ್ಟೆ.

ಬಾಗಿಲ ಪಕ್ಕದಲ್ಲಿ ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆ. ಅದರ ಹಿಡಿಕೆ ಕೆಳಗಿತ್ತು, ಅಂದರೆ ಬಂದ್. ಬೆಂಕಿ ಆರಿದ ಮೇಲೆ ಯಾರಾದರೂ ಕೆಳಗೆ ಮಾಡಿರಬಹುದಲ್ಲ? ಲೈನ್‌ಮನ್ ಓಣಿಯ ಕರೆಂಟ್ ಕಂಬದಲ್ಲೇ ತಂತಿ ಬಿಚ್ಚಿದ್ದು ಖಾತ್ರಿ ಮಾಡಿಕೊಂಡು ಹಿಡಿಕೆಯನ್ನು ಮೇಲೆತ್ತಿದೆ. ಪೆಟ್ಟಿಗೆಯ ಮೈಯೆಲ್ಲ ಕಪ್ಪಾಗಿತ್ತು, ಹಿಡಿಕೆ ಮುಚ್ಚಿಕೊಂಡಿದ್ದ ಜಾಗದಲ್ಲಿ ಮಾತ್ರ, ಮಸಿ ತಾಗದೆ ಉಳಿದ ಮೂಲ ಬಣ್ಣದ, ಅದರದೇ ಆಕಾರದ ಒಂದು ಹಸಿರು ಪಟ್ಟಿ. ಹೊಗೆ ಕವಿಯುವಾಗಲೇ ಹಿಡಿಕೆ ಕೆಳಗಿತ್ತು.

"ದಿನಾ ಕೀಲಿ ಹಾಕೂಮುಂದ ಮೇನ್ ಬಂದ್ ಮಾಡೇ ಹೋಗ್ತೀನ್ರಿ," ಎಂದರು ಲೆಕ್ಕ ನೋಡುವ ದಿವಾನಜಿ, ಹೆಮ್ಮೆಯಿಂದ. "ಇಪ್ಪತ್ತು ವರ್ಷದ ರೂಢಿ."

"ನಿನ್ನ ಯಾರ್ ಕೇಳ್ಯಾರ?" ಎಂದರು ಸಾಹುಕಾರರು.

ಅವರ ಸಿಟ್ಟಿಗೆ ಕಾರಣವಿತ್ತು. ಶಾರ್ಟ್ ಸರ್ಕ್ಯೂಟ್ ಎಂದು ಬರೆದರೆ ಪರಿಹಾರ ಸಲೀಸು. ಮಾಲು ತಾನೇ ಒಳಗೊಳಗೆ ಕಾವು ಏರಿ ಹತ್ತಿಕೊಂಡಿತು ಎಂದಾದರೆ ಪಾಲಿಸಿಯಲ್ಲಿ ಏನೂ ಸಿಗುವುದಿಲ್ಲ. ದಿವಾನಜಿ ಬೇರೆ ದಾರಿ ಹಿಡಿದರು. "ಹಂಗಾರ ಆ ತುಂಬು ಬಿಡಸೂ ಹೆಂಗಸ್ರು ಏನರ ಮಾಡಿರಬೇಕ್ರಿ. ಚಾ ಕಾಸಾಕ ಸ್ಟೋ ಹಚ್ಚಿರಬೇಕು."

ತುಂಬು ಎಂದರೆ ಮೆಣಸಿನಕಾಯಿಯ ತೊಟ್ಟು. ಅದನ್ನು ಬಿಡಿಸಲು ಇಪ್ಪತ್ತು ಇಪ್ಪತ್ತೈದು ಹೆಂಗಸರು ಸುಗ್ಗಿಯಿಡೀ ಆ ಗೋದಾಮಿನಲ್ಲೇ ಕೂರುತ್ತಿದ್ದರು. ಈಗ ಹೊರಗೆ ಬೇವಿನ ಗಿಡದ ಕೆಳಗೆ, ತೋಯ್ದು ಉಳಿದ ಕಾಯಿಗಳನ್ನು ಹರವಿಕೊಂಡು ಕುಳಿತಿದ್ದರು. ಗುಂಪಿನ ಮುಖ್ಯಸ್ಥೆ ಅರವತ್ತು ದಾಟಿದ ಮುಸ್ಲಿಂ ಹೆಂಗಸು. ಎಲ್ಲರೂ ಅವರನ್ನು ಖಾಲಾ ಎನ್ನುತ್ತಿದ್ದರು. ನಾನು ಹೋಗಿ ಅವರ ಪಕ್ಕ ನೆಲಕ್ಕೆ ಕುಳಿತೆ. ಡೈರಿಯನ್ನು ಚೀಲದಿಂದ ತೆಗೆಯಲಿಲ್ಲ.

"ಸ್ಟೋ ಹಚ್ಚಿದ್ರೇನ್ರಿ ಖಾಲಾ?"

"ತೋಬಾ! ಖಾರದ ನಡಕ ಸ್ಟೋ ಹಚ್ಚಾಕ ನಮಗ ತಲಿ ಕೆಟ್ಟೈತೇನು ಬೇಟಿ? ಚಾ ಬಂದ್ರ ಹೋಟ್ಲಿಂದ ಬರಬೇಕು. ಸಾಹುಕಾರ್ರು ಒಂದ ಚಾದಾಗ ಇಬ್ಬರಿಗೆ ಕುಡಸ್ತಾರ."

ಹೆಂಗಸರು ಕಿಸಕ್ಕನೆ ನಕ್ಕರು. ನಾನು ಅವರ ಕೈಗಳನ್ನು ನೋಡುತ್ತಿದ್ದೆ. ಬೆರಳಿನಿಂದ ಮೊಣಕೈ ತನಕ ಮಿರುಗುತ್ತಿದ್ದವು.

"ಕೈಗೆ ಏನ್ ಹಚ್ಚೀರಿ?"

"ಕುಸುಬಿ ಎಣ್ಣಿ. ಹಚ್ಚಲಿಲ್ಲಂದ್ರ ಚರ್ಮ ಉರ್ಕೊಂಡು ಹೋಗ್ತೈತಿ. ಕೊಬ್ಬರಿ ಎಣ್ಣಿ ಹಚ್ಕೊಳ್ಳಾಕ ನಾವೇನ್ ರಾಣ್ಯಾರ?"

"ಸಂಜೀಕ ಒರಿಸಿಕೊಳ್ಳೂದು ಹೆಂಗ್ರಿ?"

"ಹಳೇ ಸೀರಿ ಚಿಂದಿ ಇರ್ತಾವಲ್ಲ."

"ಆ ಚಿಂದಿ ಮನೀಗೆ ಒಯ್ತೀರೇನು?"

"ಖಾರದ ಅರಿಬಿ ಮನೀಗೆ ಯಾರ್ ಒಯ್ತಾರವ್ವಾ? ಮಕ್ಕಳು ಮುಟ್ಟಿ ಕಣ್ಣಿಗೆ ಹಚ್ಕೋತಾವು. ಒಗೀಬೇಕಂದ್ರ ಬಾವಿ ಕಟ್ಟಿ ಮ್ಯಾಲ ಬೈತಾರ. ಅಲ್ಲೇ ಹಿಂದ, ಚೀಲಕ್ಕೂ ಗ್ವಾಡಿಗೂ ನಡಕ ಸಂದಿ ಇತ್ತು. ದಿನಾ ಅದರಾಗ ತುರಕತಿದ್ವಿ. ಸುಗ್ಗಿ ಮುಗದ ಮ್ಯಾಲ ಒಮ್ಮಿಲೆ ಚೆಲ್ಲೂದು."

"ಹಿಂದ ಅಂದ್ರ, ಎಡಕಿನ ಮೂಲ್ಯಾಗೇನು?"

"ಹೂಂ, ಅಲ್ಲೇ."

ಕುಸುಬಿ ಎಣ್ಣೆಯ ಗುಣ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನನ್ನ ಅಡುಗೆಮನೆಯಲ್ಲಿ ಅದರ ಭರಣಿ ಒರೆಸುವ ಅರಿವೆ ನಾಲ್ಕೇ ದಿನಕ್ಕೆ ರಟ್ಟಿನಂತೆ ಬಿರುಸಾಗುತ್ತದೆ. ಶೇಂಗಾ ಎಣ್ಣೆಯ ಅರಿವೆ ಹಾಗಾಗುವುದಿಲ್ಲ, ತಿಂಗಳಾದರೂ ಮೆತ್ತಗೇ ಇರುತ್ತದೆ. ಪರೀಕ್ಷೆಗೆ ಓದಿದ ಪುಸ್ತಕದಲ್ಲಿ, ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆಗಳು ಒಣಗುವಾಗ ಕಾವು ಬಿಡುತ್ತವೆ, ಅರಿವೆ ಮುದ್ದೆಯಾಗಿದ್ದರೆ ಆ ಕಾವು ಒಳಗೇ ಉಳಿದು ಹೊತ್ತಿಕೊಳ್ಳುತ್ತದೆ ಎಂದಿತ್ತು. ಸಂದಿಯಲ್ಲಿ ತುರುಕಿದ ಚಿಂದಿ, ಮೇಲೆ ಕಾದ ತಗಡು, ಪಕ್ಕದಲ್ಲಿ ಒಣಗಿದ ಮೆಣಸಿನಕಾಯಿ.

ಸಾಣಿಗೆ ಹಿಡಿದು ಆ ಗುಡ್ಡೆಯ ಮುಂದೆ ಕುಳಿತೆ. ಮೇಲಿನದೆಲ್ಲ ಗುಡಿಸಿ ತಂದು ಸುರಿದದ್ದು, ನನಗೆ ಬೇಡ. ಬೊಗಸೆ ಬೊಗಸೆಯಾಗಿ ತೆಗೆದು ಸಾಣಿಸುತ್ತ ಕೆಳಗಿಳಿದೆ. ಕಣ್ಣಿನಿಂದ, ಮೂಗಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಕೈಯೇ ಖಾರ. ಒಂದೂವರೆ ತಾಸಿನ ಮೇಲೆ ಕಲ್ಲಿನ ನೆಲ ಸಿಕ್ಕಿತು. ನೆಲಕ್ಕೆ ಅಂಟಿ ಒಂದು ಮುದ್ದೆ, ಎರಡು ಕೈಯಲ್ಲಿ ಹಿಡಿಯುವಷ್ಟು. ಬಿಡಿಸಿದೆ. ಹೊರಗಿನ ಮಡಿಕೆಯಲ್ಲಿ ಇಳಕಲ್ ಸೀರೆಯ ಕೆಂಪು ಅಂಚು ಇನ್ನೂ ಗುರುತು ಹಿಡಿಯುವಂತಿತ್ತು. ಒಳಗಿನ ಮಡಿಕೆ ಇದ್ದಿಲು, ನಟ್ಟನಡುವೆ ಬರೀ ಬಿಳಿ ಬೂದಿ. ಹೊರಗೆ ಬೆಂದು ಒಳಗೆ ಹಸಿಯಾಗಿ ಉಳಿದ ರೊಟ್ಟಿಯನ್ನು ದಿನಾ ನೋಡುವವಳು ನಾನು. ಒಳಗೆ ಬೆಂದು ಹೊರಗೆ ಹಸಿ ಉಳಿದದ್ದನ್ನು ಮೊದಲ ಸಲ ಕಂಡೆ.

ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ತಲೆ ಎತ್ತಿದೆ. ಆ ಮೂಲೆಯ ಮೇಲಿನ ತೊಲೆಯಲ್ಲಿ ಸುಟ್ಟ ಬಟ್ಟೆಯ ಮೂರು ಗಂಟುಗಳಿದ್ದವು. ಬೇವಿನ ಗಿಡದ ಕಡೆ ನೋಡಿದರೆ ಅಲ್ಲಿಯೂ ಮೂರು ಸೀರೆಯ ಜೋಳಿಗೆ ಕಟ್ಟಿದ್ದರು. ಒಂದರಿಂದ ಪುಟ್ಟ ಕಾಲು ಹೊರಗೆ ಚಾಚಿತ್ತು. ಬೆಂಕಿ ಹತ್ತಿದ್ದು ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ. ಮೂರು ತಾಸು ಮೊದಲು ಹತ್ತಿದ್ದರೆ, ಆ ಗಂಟುಗಳ ಕೆಳಗೆ ಕೂಸುಗಳು ಮಲಗಿರುತ್ತಿದ್ದವು.

ಹೊರಗೆ ಬಂದು ಎಲ್ಲರ ಎದುರು ಮುದ್ದೆ ತೋರಿಸಿ, ಅದು ಹೊತ್ತಿಕೊಂಡ ಬಗೆ ಹೇಳಿದೆ. ಇನ್ನು ಮುಂದೆ ಚಿಂದಿಯನ್ನು ಒಟ್ಟಬೇಡಿ, ಹೊರಗೆ ಹರವಿರಿ, ಇಲ್ಲವೇ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿರಿ ಎಂದೆ. ಖಾಲಾ ನಕ್ಕರು, ಬೇರೆ ತರಹದ ನಗು.

"ಕುಸುಬಿ ಎಣ್ಣಿ ಹುಟ್ಟಿದಾಗಿಂದ ತಿನ್ನಾಕತ್ತೇವಿ ಬೇಟಿ. ಹೊಟ್ಟ್ಯಾಗ ಯಾವತ್ತೂ ಬೆಂಕಿ ಹತ್ತಿಲ್ಲ."

"ಹೊಟ್ಟ್ಯಾಗ ಅಲ್ರಿ ಖಾಲಾ, ಮುದ್ದಿ ಮಾಡಿ ಇಟ್ಟಾಗ..."

"ಅಂದ್ರ ನಮ್ಮ ಅರಿಬೀಲೆ ಹತ್ತೈತಿ ಅಂತ ಬರೀತಿ." ಅವರ ಕೈ ಬುಟ್ಟಿಯ ಮೇಲೆ ನಿಂತಿತ್ತು. "ನೀನೂ ಬಳಿ ಹಾಕ್ಕೊಂಡಾಕಿ ಅಂತ ಹೇಳಿದ್ನಿ. ಬರಕೊಳ್ಳಾಕ ಹೇಳಿರಲಿಲ್ಲ."

ಅವರ ಪಕ್ಕ ಕೂರುವಾಗ ಡೈರಿ ತೆಗೆಯದೆ ಇದ್ದದ್ದು ಸಂಕೋಚದಿಂದಲ್ಲ. ತೆಗೆದರೆ ಹೇಳುವುದಿಲ್ಲ ಎಂದು ಗೊತ್ತಿತ್ತು.

ಸಾಹುಕಾರರಿಗೆ ಬೇರೆ ಚಿಂತೆ. "ತಾನ ಹತ್ತೇತಿ ಅನ್ನೂ ಮಾತು ನಿಮ್ಮ ಕಾಗದದಾಗ ಬಂದ್ರ ನಾ ಮುಳುಗಿದೆ, ಬಾಯಾರ."

"ಚಿಂದಿ ನಿಮ್ಮ ಮಾಲಲ್ರಿ. ಚಿಂದಿ ತಾನ ಹತ್ತಿ, ಮಾಲಿಗೆ ಬೆಂಕಿ ತಗಲೇತಿ. ಪಾಲಿಸಿ ಕಲಮಿನಾಗ ಅದಕ್ಕ ಅಡ್ಡಿ ಇಲ್ರಿ."

"ಅದನ್ನ ಕಂಪನಿಯವರಿಗೆ ತಿಳಿಸಿ ಹೇಳಾಕ ನೀವ್ ಬರ್ತೀರೇನು? ಸರ್ ಕೂಡ ನಾನ ಮಾತಾಡ್ತೀನಿ ಬಿಡ್ರಿ." ಹೊರಡುವಾಗ ಅವರ ಬಾಯಿಂದ ಇನ್ನೊಂದು ಮಾತೂ ಬಂತು. "ಅವರಿಂದನ ಹತ್ತೇತಿ ಅಂದ್ರ ನಾಳಿಂದ ಆ ಹೆಂಗಸ್ರು ಬ್ಯಾಡ. ಬ್ಯಾರೇದವರನ್ನ ಹಚ್ಚತೀನಿ."

ಕದರಮಂಡಲಗಿ ಮೇಲೆ ರಾಣೆಬೆನ್ನೂರಿಗೆ ಹೋಗುವ ಬಸ್ಸು ಹಿಡಿದೆ. ಮುದ್ದೆಯನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಆಂಜನೇಯನ ಗುಡಿಗೆ ಹೊರಟಿದ್ದ ಪಕ್ಕದ ಅಜ್ಜಿ, ಪ್ರಸಾದವೇನೋ ಎಂದುಕೊಂಡು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋದರು. ಗಾಬರಿಯಾಗಿ ಅವರ ಕೈ ಹಿಡಿದೆ. ಇಳಿಯುವ ತನಕ ಅವರು ನನ್ನನ್ನು ಕೆಟ್ಟ ಹೆಂಗಸನ್ನು ನೋಡುವಂತೆ ನೋಡಿದರು.

ರಾಣೆಬೆನ್ನೂರಿನಲ್ಲಿ ಸರ್ ಅವರ ಆಫೀಸು ಬೀಜದ ಅಂಗಡಿಯ ಮಹಡಿಯ ಮೇಲೆ. ಅವರು ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಬೇಕು. ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿಡುವವರು. ಹೆಂಗಸಿಗೆ ಈ ವಿದ್ಯೆ ಯಾಕೆ ಎಂದು ಒಂದು ದಿನವೂ ಅಂದವರಲ್ಲ.

"ಬರ್ರಿ, ಕುಂದ್ರಿ. ಮಾರಿ ತುಂಬ ಮಸಿ ಮಾಡಿಕೊಂಡೀರಿ. ಊಟ ಮಾಡಿ ಟೈಪ್ ಮಾಡ್ರಿ. ಸಾಹುಕಾರ್ರು ಫೋನ್ ಮಾಡಿದ್ರು."

ಅರ್ಜಿಯ ಫಾರಮ್ಮನ್ನು ಮೇಜಿನ ಮೇಲೆ ತೆಗೆದಿಟ್ಟಿದ್ದರು. ಪಕ್ಕದಲ್ಲಿ ಪೆನ್ನು, ಟೊಪ್ಪಿಗೆ ಬಿಚ್ಚಿ.

"ಸರ್, ಮೇನ್ ಬಂದ್ ಇತ್ರಿ."

"ಯಾರ್ ಹೇಳಿದ್ರು?"

"ಮಸೀನ ಹೇಳ್ತೈತ್ರಿ," ಎಂದು ಹಸಿರು ಪಟ್ಟಿಯ ಚಿತ್ರ ಬರೆದು ತೋರಿಸಿದೆ. ಮುದ್ದೆ ಬಿಚ್ಚಿದೆ. ಕಂಬಗಳ ಅಳತೆ ಓದಿದೆ. ಅವರು ಕನ್ನಡಕ ತೆಗೆದು, ಹಾಕಿ, ಎಲ್ಲವನ್ನೂ ಸಾವಕಾಶವಾಗಿ ನೋಡಿದರು. ಒಳ್ಳೆಯ ಕೆಲಸ ಎಂದು ಅವರಿಗೆ ಅನಿಸಿದ್ದು ನನಗೆ ಕಾಣಿಸಿತು. ಅದರಿಂದಲೇ ಮುಂದಿನ ಮಾತು ಹೆಚ್ಚು ಚುಚ್ಚಿತು.

"ಬಾಯಾರ, ಮೂವತ್ತು ವರ್ಷದಾಗ ನಾ ಕಲ್ತದ್ದು ಇಷ್ಟು. ಶಾರ್ಟ್ ಸರ್ಕ್ಯೂಟ್ ಅಂತ ಬರದ್ರ ಯಾರ ಕಣ್ಣಾಗೂ ನೀರ ಬರೂದಿಲ್ಲ. ವೈರಿಗೆ ಹೆಂಡ್ರು ಮಕ್ಕಳಿಲ್ಲ. ನೀವ್ ಹೇಳಿದಂಗ ಬರದ್ರ ಆ ಹೆಂಗಸ್ರ ಕೂಲಿ ಹೋತು. ಕಂಪನಿಯವರು ತಿಂಗಳಗಟ್ಟಲೆ ಎಳದಾಡ್ತಾರ. ಯಾರಿಗೆ ಲಾಭ ಆತು, ಹೇಳ್ರಿ."

"ಶಾರ್ಟ್ ಸರ್ಕ್ಯೂಟ್ ಅಂದ್ರ ಅವರು ವೈರ್ ಬದಲಿ ಮಾಡ್ತಾರ್ರಿ. ಚಿಂದಿ ಅಲ್ಲೇ ಉಳೀತಾವು. ಬರೂ ಸುಗ್ಗಿಯೊಳಗ ಮಧ್ಯಾಹ್ನ ಹತ್ತಿದ್ರ? ಅಲ್ಲಿ ಕೂಸು ಮಲಗಿಸ್ತಾರ್ರಿ, ಸರ್."

ಅವರು ಕಪಾಟಿನ ಕಡೆ ಬೆರಳು ತೋರಿಸಿದರು. "ಪುಸ್ತಕ ತಗೀರಿ. ಕುಸುಬಿ ಎಲ್ಲೈತಿ ತೋರಿಸ್ರಿ."

ಪುಸ್ತಕದಲ್ಲಿ ಕುಸುಬೆ ಇರಲಿಲ್ಲ. ಅಗಸೆ ಎಣ್ಣೆ ಇತ್ತು. ಪರದೇಶದ ಯಾವುದೋ ಊರಿನಲ್ಲಿ ಬಾಗಿಲಿಗೆ ಬಣ್ಣ ಹಚ್ಚುವವರು ಬಿಟ್ಟುಹೋದ ಅರಿವೆಯ ಉದಾಹರಣೆ ಇತ್ತು.

"ಕುಸುಬಿನೂ ಇದರಂಗ ಒಣಗೂ ಎಣ್ಣಿರಿ, ಸರ್."

"ಇದರಂಗ! ರಿಪೋರ್ಟಿನಾಗ 'ಇದರಂಗ' ಅಂತ ಬರೀತೀರೇನು? ಆತು, ಒಂದ ಕೆಲಸ ಮಾಡ್ರಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಈ ಮೂರೂರಾಗ ಕುಸುಬಿ ಎಣ್ಣಿ ಅರಿಬಿ ತಾನ ಹತ್ತಿದ್ದ ಕಂಡವರು ಯಾರರ ಒಬ್ಬರನ್ನ ತರ್ರಿ. ಒಬ್ಬರ ಸಾಕು. ಅವರ ಹೇಳಿಕಿ ಜೋಡಿಸಿ ನಿಮ್ಮ ರಿಪೋರ್ಟ್ ಈಗ ಕಳಸ್ತೀನಿ, ನಿಮ್ಮ ಫಾರ್ಮಿಗೂ ಸೈ ಮಾಡ್ತೀನಿ. ಅಂಚೆ ನಾಳೆ ಅಲ್ಲೇನು? ಐದು ಗಂಟೇತನ ಕುಂತಿರ್ತೀನಿ."

ಆಗ ಮೂರೂ ಕಾಲು. ಮೆಟ್ಟಿಲಿಳಿದು ಪೇಟೆಗೆ ಓಡಿದೆ. ಓಡಿದೆ ಎಂದೇ ಬರೆಯಬೇಕು. ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತಿತು, ಸೇಫ್ಟಿ ಪಿನ್ ಹಾಕಿಕೊಂಡು ಮತ್ತೆ ಓಡಿದೆ. ಮೊದಲ ಎಣ್ಣೆ ಅಂಗಡಿಯವರು ನನ್ನ ಪ್ರಶ್ನೆ ಕೇಳಿ ಎದ್ದು ನಿಂತರು. "ನಮ್ಮ ಎಣ್ಣಿ ಶುದ್ಧ ಐತ್ರಿ ಬಾಯಾರ. ಹಂಗೆಲ್ಲ ಹತ್ತೂದಿಲ್ಲ. ಯಾರ್ ಹೇಳಿದ್ರು ನಿಮಗ?" ಎರಡನೆಯವರು ನನ್ನನ್ನು ಕಲಬೆರಕೆ ಹಿಡಿಯುವ ಆಫೀಸಿನವಳೆಂದು ತಿಳಿದು ಚಹಾ ತರಿಸಿದರು. ಖಾನಾವಳಿಯ ಅಡುಗೆಯವರು, "ಒಲಿ ಮುಂದ ಇದ್ರ ಯಾವ ಅರಿಬಿ ಆದ್ರೂ ಹತ್ತತೈತಿ, ತಾನ ಯಾಕ ಹತ್ತಬೇಕು?" ಎಂದರು. ಹತ್ತಿ ಜಿನ್ನಿಂಗಿನ ಮುಕಾದಮರಿಗೆ ಹತ್ತಿಯ ಬೆಂಕಿ ಗೊತ್ತಿತ್ತು, ಎಣ್ಣೆಯದು ಗೊತ್ತಿರಲಿಲ್ಲ. ಇನ್ನೊಬ್ಬರು, "ಮಾಟದ ಕೆಲಸ ಇರಬೇಕ್ರಿ" ಎಂದು ಗಂಭೀರವಾಗಿ ಹೇಳಿದರು. ಹೇಳಿಕೆ ಕೊಡುತ್ತೀರಾ ಎಂದು ಅವರನ್ನೂ ಕೇಳಿಬಿಡುವಷ್ಟು ಹತಾಶೆಯಾಗಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಬರಿಗೈಯಲ್ಲಿ ಮೆಟ್ಟಿಲು ಹತ್ತಿದೆ. ಸರ್ ನನ್ನ ಕೈ ನೋಡಿ ಕುರ್ಚಿ ಎಳೆದುಕೊಟ್ಟರು. ಟೈಪ್‌ರೈಟರಿಗೆ ಹಾಳೆಗಳನ್ನು, ನಡುವೆ ಕಾರ್ಬನ್ನುಗಳನ್ನು ಸೇರಿಸಿ ನನಗಾಗಿ ಸಿದ್ಧವಾಗಿಟ್ಟಿದ್ದರು.

ಕುಳಿತೆ. ಊರು, ಗೋದಾಮು, ಗೋಡೆ, ತಗಡು, ಎಲ್ಲ ಸರಾಗವಾಗಿ ಹೋಯಿತು. "ಬೆಂಕಿಯ ಕಾರಣ" ಎಂಬಲ್ಲಿ ಬೆರಳುಗಳು ನಿಂತವು. ಶಾರ್ಟ್ ಸರ್ಕ್ಯೂಟ್ ಎಂಬ ಎರಡು ಪದಗಳನ್ನು ಅದೇ ಯಂತ್ರದಲ್ಲಿ ಎಷ್ಟು ಸಲ ಹೊಡೆದಿದ್ದೆನೋ! ನೋಡದೆ ಹೊಡೆಯಬಲ್ಲೆ. ಅರ್ಧ ನಿಮಿಷದ ಕೆಲಸ. ಹೆಂಗಸರ ಕೂಲಿ ಉಳಿಯುತ್ತದೆ, ಸಾಹುಕಾರರು ನಗುತ್ತಾರೆ, ಫಾರಮ್ಮು ನಾಳೆ ಅಂಚೆಗೆ ಹೋಗುತ್ತದೆ. ಮುಂದಿನ ಸಲ ಸರಿಯಾಗಿ ಬರೆಯೋಣ, ಲೈಸೆನ್ಸ್ ಕೈಗೆ ಬಂದ ಮೇಲೆ, ಎಂದುಕೊಂಡೆ. ಆ ಎರಡು ಪದಗಳ ಮೊದಲ ಅಕ್ಷರ ಹೊಡೆದೂ ಬಿಟ್ಟೆ. ಹಾಗೆ ಕೊಟ್ಟ ಲೈಸೆನ್ಸು ಯಾತಕ್ಕೆ ಲೈಸೆನ್ಸು ಎಂಬ ಪ್ರಶ್ನೆ ಆಗ ಹುಟ್ಟಿತು. ಜೋಳಿಗೆಯಿಂದ ಚಾಚಿದ್ದ ಆ ಕಾಲಿನ ಹಿಮ್ಮಡಿಯಲ್ಲಿ ದೃಷ್ಟಿಯಾಗದಂತೆ ಇಟ್ಟ ಕಾಡಿಗೆಯ ಬೊಟ್ಟಿತ್ತು. ಕಂಡದ್ದನ್ನು ಕಾಣಲಿಲ್ಲ ಎನ್ನುವುದು ನನ್ನಿಂದಾಗಲಿಲ್ಲ.

ಹಾಳೆ ಎಳೆದು, ಬೇರೆ ಸೇರಿಸಿ, ಮೊದಲಿನಿಂದ ಹೊಡೆದೆ. ವಿದ್ಯುತ್ತು ಕಾರಣವಲ್ಲ, ಮೇನ್ ಬಂದ್ ಇತ್ತು. ಕುಸುಬೆ ಎಣ್ಣೆಯ ಚಿಂದಿ ಒಟ್ಟಿದ್ದರಿಂದ ತಾನೇ ಕಾವು ಏರಿ ಹತ್ತಿದೆ ಎಂಬುದು ನನ್ನ ಅಭಿಪ್ರಾಯ; ಇದಕ್ಕೆ ಬೇರೆ ಸಾಕ್ಷಿ ನನಗೆ ಸಿಕ್ಕಿಲ್ಲ. ಕೆಲಸದ ಹೆಂಗಸರ ತಪ್ಪಿಲ್ಲ. ಚಿಂದಿ ಹಾಕಲು ಮುಚ್ಚಳದ ಡಬ್ಬಿ ಇಡುವುದು ಗೋದಾಮಿನವರ ಹೊಣೆ.

ಸರ್ ನಿಂತುಕೊಂಡೇ ಓದಿದರು. ಸಿಟ್ಟಾಗಲಿಲ್ಲ. ಪೆನ್ನಿಗೆ ಟೊಪ್ಪಿಗೆ ಹಾಕಿದರು. ಫಾರಮ್ಮನ್ನು ಎರಡು ಮಡಿಕೆ ಮಾಡಿ ಡ್ರಾವರಿನಲ್ಲಿಟ್ಟರು.

"ನಿಮ್ಮ ಕೈಯಾಗ ಇದನ್ನ ಬರಸಬಾರದಿತ್ತು. ನನ್ನ ತಪ್ಪು. ಬರೂ ವರ್ಷ ನೋಡೂಣ, ಆತೇನ್ರಿ? ಹೋಗ್ರಿ, ಬಸ್ಸಿಗೆ ಹೊತ್ತಾತು."

ಲೈಸೆನ್ಸ್ ಇದ್ದವರು ಅವರು. ಅವರ ವರದಿಯೇ ವರದಿ. ಮೆಟ್ಟಿಲಿಳಿಯುವಾಗ ಮೇಲೆ ಟೈಪ್‌ರೈಟರಿನ ಸದ್ದು ಕೇಳಿಸಿತು. ಎರಡೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಹೊಡೆಯುತ್ತಿದ್ದರು. ತಿರುಗಿ ಹೋಗಿ ನಾನೇ ಹೊಡೆದುಕೊಡಲೇ ಎಂದು ಒಂದು ಗಳಿಗೆ ಅನಿಸಿದ್ದೂ ನಿಜ. ಹೋಗಲಿಲ್ಲ.

ಹಾವೇರಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಕ್ಕಳು ಪಾಠ ಓದುತ್ತಿದ್ದರು. ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಸೀಗೆಪುಡಿ ಹಾಕಿ ಕೈ ತಿಕ್ಕಿಕೊಳ್ಳುತ್ತಿದ್ದೆ. ಮಸಿ ಹೋಯಿತು, ಉರಿ ಹೋಗಲಿಲ್ಲ. ಪಕ್ಕದ ಮನೆಯ ಕಾಕು ಗೋಡೆಯ ಆಚೆಯಿಂದ ಮುಖ ತೋರಿಸಿದರು. ಅಗಡಿಯಲ್ಲಿ ಹುಟ್ಟಿ ಬೆಳೆದು ಹಾವೇರಿಗೆ ಸೊಸೆಯಾಗಿ ಬಂದವರು. ಐದಾರು ವರ್ಷದಿಂದ ನಮ್ಮ ನೆರೆ.

"ಏನವಾ, ಮಾರಿ ಸಣ್ಣದು ಮಾಡ್ಕೊಂಡು ಕುಂತೀ?"

ಹೇಳುವ ಮನಸ್ಸಿರಲಿಲ್ಲ. ಆದರೂ ಎರಡು ಮಾತಿನಲ್ಲಿ ಹೇಳಿದೆ: ಕುಸುಬೆ ಎಣ್ಣೆಯ ಚಿಂದಿ ತಾನೇ ಹೊತ್ತಿಕೊಂಡಿತೆಂದರೆ ಈ ಮೂರೂರಿನಲ್ಲಿ ನಂಬುವವರು ಒಬ್ಬರಿಲ್ಲ, ಅದಕ್ಕೇ ನನಗೆ ಸಿಗಬೇಕಿದ್ದ ಸಹಿ ಹೋಯಿತು.

"ಅಯ್ಯ, ಅದೇನ್ ದೊಡ್ಡ ಸುದ್ದಿ?" ಎಂದರು ಕಾಕು. "ನನ್ನ ತವರಮನ್ಯಾಗ ಗಾಣ ಇತ್ತಲ್ಲ. ಕುಸುಬಿ ಸೋಸಿದ ಅರಿಬಿ ಮುದ್ದಿ ಮಾಡಿ ಇಟ್ರ ನಮ್ಮವ್ವ ಬೆನ್ನಿಗೆ ಗುದ್ದತಿದ್ಲು. ನನ್ನ ಕಣ್ಣಮುಂದ ಎರಡ ಸಲ ಹತ್ತೇತಿ. ಅದಕ್ಕ ಹಗ್ಗದ ಮ್ಯಾಲ ಹರವಿದ ಮ್ಯಾಲನ ನಮಗ ಊಟ."

ನನ್ನ ಕೈಯಿಂದ ತಂಬಿಗೆ ಜಾರಿತು. "ಕಾಕು, ಇದನ್ನ ನೀವ್ ಯಾವತ್ತೂ ಹೇಳಲೇ ಇಲ್ಲಲ್ರಿ!"

"ನೀ ಯಾವತ್ತು ಕೇಳಿದ್ದಿ? ಅದಿರ್ಲಿ, ಒಂದ್ ವಾಟಗಾ ಹಾಲಿದ್ರ ಕೊಡು. ನಮ್ಮವು ಒಡದಾವು."